ಮೇಣದಬತ್ತಿಯ ಪಾಠ ಮಾಡಿದ ಮೇಷ್ಟರಿಗೆ

ಸಂಡೇ ಸ್ಕೂಲಿನ ಎರಡನೇ ತರಗತಿಯ ಮಾನ್ಯ ಮೇಷ್ಟರೇ,

ನಮ್ಮ ಚರ್ಚಿನ ಗಾಯನವೃಂದದಲ್ಲಿ ಹನ್ನೊಂದು ವರ್ಷಗಳಿಂದ ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತು ಹಾಡುವ, ಬೀದಿಯ ಮೂಲೆಯಲ್ಲಿ ಬೇಕರಿ ನಡೆಸುವ ಹೆಂಗಸಿನ ಗೌರವಪೂರ್ವಕ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಸಾಧನೆ ಉಳಿದ ತಂದೆತಾಯಿಗಳಿಗೂ ತಿಳಿಯಲೆಂದು ಈ ಪತ್ರವನ್ನು ಚರ್ಚಿನ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ, ಅನ್ಯಥಾ ಭಾವಿಸಬಾರದು.

ಮೊದಲು ಅಭಿನಂದನೆ. ನನ್ನ ಏಳು ವರ್ಷದ ಮಗಳಿಗೆ ಮೂರರ ಮಗ್ಗಿ ಬಾಯಿಗೆ ಬರಿಸಲು ಶಾಲೆಯವರು ಒಂದು ವರ್ಷ ಹೆಣಗಿದರು. ತಾವು ನಲವತ್ತು ನಿಮಿಷದಲ್ಲಿ ಇಡೀ ನರಕವನ್ನೇ ಕಲಿಸಿಬಿಟ್ಟಿರಿ. ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು, ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಉರಿಯ ಹತ್ತಿರ ಬೆರಳು ಹಿಡಿಸಿ, "ಸುಡುತ್ತಾ? ಇದೇ ಉರಿ ಮೈಯೆಲ್ಲಾ, ಯಾವಾಗ್ಲೂ, ಮುಗಿಯೋದೇ ಇಲ್ಲ ಅಂದ್ಕೊಳ್ಳಿ" ಎಂದಿರಂತೆ. "ನಂಬದೇ ಇರೋರು ಒಳ್ಳೆಯವರಾಗಿದ್ರೆ?" ಎಂದು ನನ್ನ ಮಗಳು ಕೇಳಿದಾಗ, "ಅವರೂ ಅಲ್ಲಿಗೇ" ಎಂದು ತಡವರಿಸದೆ ಹೇಳಿದಿರಂತೆ. ಕರೆಂಟು ಯಾವಾಗ ಬರುತ್ತದೆಂದು ಕೇಳಿದರೂ ನನಗೆ ಇಷ್ಟು ಖಚಿತ ಉತ್ತರ ಯಾರೂ ಕೊಟ್ಟಿಲ್ಲ.

ಅವಳು ಕೇಳಿದ್ದು ತಾತನ ಸಲುವಾಗಿ. ನನ್ನ ಅಪ್ಪ ಗಡಿಯಾರ ರಿಪೇರಿ ಮಾಡುವವರು. ಅಮ್ಮ ತೀರಿಕೊಂಡ ಮೇಲೆ ಚರ್ಚಿಗೆ ಕಾಲಿಟ್ಟವರಲ್ಲ; ಹೋಗುವವರನ್ನು ತಡೆದವರೂ ಅಲ್ಲ. ಭಾನುವಾರ ಬೆಳಿಗ್ಗೆ ಮೊಮ್ಮಗಳ ಬೂಟಿಗೆ ಪಾಲಿಶ್ ಹಚ್ಚಿ, ಲೇಸು ಕಟ್ಟಿ, ತಮ್ಮ ತರಗತಿಗೆ ಕಳಿಸುತ್ತಿದ್ದವರು ಅವರೇ.

ತಮ್ಮ ಪಾಠ ಫಲ ಕೊಟ್ಟದ್ದು ಮೂರನೇ ವಾರದಲ್ಲಿ. ಸಂಜೆ ನಾಲ್ಕಕ್ಕೆ ನಾನು ಗಿರಾಕಿಯೊಬ್ಬರಿಗೆ ಕೇಕು ಕಟ್ಟಿಕೊಡುತ್ತಿದ್ದೆ. ಒಳಗಿನಿಂದ ಮಗಳು ಎಣಿಸುವುದು ಕೇಳಿಸಿತು. ಲೆಕ್ಕ ಮಾಡುತ್ತಿದ್ದಾಳೆಂದುಕೊಂಡು ಹೋಗಿ ನೋಡಿದರೆ, ಒಲೆಯ ಕಬ್ಬಿಣದ ಬಾಗಿಲಿಗೆ ಎರಡು ಬೆರಳು ಒತ್ತಿಕೊಂಡು, ಕಣ್ಣು ಮುಚ್ಚಿ, ನಾಲ್ಕರವರೆಗೆ ಎಣಿಸಿದ್ದಳು. ನಲ್ಲಿಯ ಕೆಳಗೆ ಕೈ ಹಿಡಿದಾಗ ಬಹಳ ಸಮಾಧಾನವಾಗಿ ಹೇಳಿದಳು: "ಅಭ್ಯಾಸ ಮಾಡ್ತಿದ್ದೆ ಅಮ್ಮಾ. ತಾತ ಅಲ್ಲಿಗೆ ಹೋದ್ರೆ ಒಬ್ರೇ ಆಗ್ತಾರಲ್ಲ, ನಾನೂ ಜೊತೆಗೆ ಹೋಗ್ತೀನಿ."

ಈ ಸಂಬಂಧ ತಮ್ಮಿಂದ ಕೆಲವು ಮಾಹಿತಿ ಬೇಕಾಗಿದೆ. ನನ್ನ ಒಲೆ ಇನ್ನೂರ ಮೂವತ್ತು ಡಿಗ್ರಿಗಿಂತ ಮೇಲೇರುವುದಿಲ್ಲ. ಅಲ್ಲಿನದು ಎಷ್ಟೆಂದು ತಿಳಿಸಿದರೆ ಮಗುವಿನ ತಯಾರಿಯಲ್ಲಿ ಕೊರತೆಯಾಗದು. ತಾತ ಮೊಮ್ಮಗಳಿಗೆ ಅಕ್ಕಪಕ್ಕ ಜಾಗ ಸಿಗುವುದೇ, ಅದಕ್ಕೆ ಅರ್ಜಿ ಎಷ್ಟು ಪ್ರತಿ, ಬೆರಳಿನ ಬೊಬ್ಬೆ ಒಡೆದಿದ್ದಾಗ ಹೆಬ್ಬೆಟ್ಟು ಒತ್ತಿದರೆ ಸಾಕೇ, ದಯವಿಟ್ಟು ತಿಳಿಸುವುದು.

ವಿಷಯ ಕೇಳಿದ ಅಪ್ಪ ಮುಂದಿನ ಭಾನುವಾರ ತಮ್ಮ ಮದುವೆಯ ಕೋಟು ಹಾಕಿಕೊಂಡು ಚರ್ಚಿಗೆ ಬಂದು, ಮೊಮ್ಮಗಳ ಬ್ಯಾಂಡೇಜಿನ ಕೈ ಹಿಡಿದು ಕೊನೆಯ ಬೆಂಚಿನಲ್ಲಿ ಕೂತರು. ತಪ್ಪಿಸಿಕೊಂಡ ಕುರಿ ಮರಳಿತೆಂದು ತಾವು ಎಲ್ಲರೆದುರು ಕೈಕುಲುಕಿದಿರಿ. ಬಹಳ ಸಂತೋಷವಾಯಿತು. ಮನೆಗೆ ನಡೆದು ಬರುವಾಗ ಮಗಳು ಕೇಳಿದಳು: "ತಾತಾ, ನಿಜವಾಗ್ಲೂ ನಂಬಿದೀರಾ?" ಕೆಲಸ ಆಗದಿದ್ದರೆ ಗಿರಾಕಿಗೆ ಆಗಿಲ್ಲವೆಂದೇ ಹೇಳುವ ನನ್ನ ಅಪ್ಪ ಮೊದಲ ಸಲ ಕಣ್ಣು ತಪ್ಪಿಸಿ, "ಹೂಂ ಪುಟ್ಟಾ" ಎಂದರು. ಅರ್ಧ ಬೀದಿ ದಾಟಿದ ಮೇಲೆ ಅವಳು ನನ್ನ ಸೆರಗು ಜಗ್ಗಿದಳು. "ಸುಳ್ಳು ಹೇಳೋರೂ ಅಲ್ಲಿಗೇ ಅಲ್ವಾ?"

ಯಾರೂ ಎಲ್ಲಿಗೂ ಹೋಗಲ್ಲ, ನಾನು ಬಿಡಲ್ಲ ಎಂದೆ. "ಮೇಷ್ಟ್ರಿಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದಳು. ಗೊತ್ತು ಎಂದೆ. ಹನ್ನೊಂದು ವರ್ಷದಲ್ಲಿ ಚರ್ಚಿನವರ ಮಾತಿಗೆ ಎದುರಾಡಿದ್ದು ಅದೇ ಮೊದಲು.

ಆದ್ದರಿಂದ ಹಾಜರಿ ಪುಸ್ತಕದಿಂದ ಅವಳ ಹೆಸರನ್ನು ಹೊಡೆದುಹಾಕಬೇಕಾಗಿ ವಿನಂತಿ. ಭಾನುವಾರ ಅವಳೀಗ ತಾತನ ಮೇಜಿನ ಮುಂದೆ ಕೂತು ಸಣ್ಣ ಸಣ್ಣ ಸ್ಕ್ರೂಗಳನ್ನು ಬೇರೆ ಮಾಡಿಕೊಡುತ್ತಾಳೆ. ಬೆರಳಿನ ಗಾಯ ವಾಸಿಯಾಗಿದೆ. ಬೇಕರಿಯ ಒಳಗೆ ಮಾತ್ರ ಇನ್ನೂ ಬರುವುದಿಲ್ಲ, ಏನು ಬೇಕಿದ್ದರೂ ಬಾಗಿಲಲ್ಲೇ ನಿಂತು ಕೇಳುತ್ತಾಳೆ. ನಾನು ಎಂದಿನಂತೆ ಹಾಡಲು ಬರುತ್ತೇನೆ. ದೇವರ ಮೇಲೆ ನನ್ನ ದೂರೇನೂ ಇಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮೂಲೆಯ ಬೇಕರಿಯವಳು

ತಾ.ಕ.: ಬರುವ ಭಾನುವಾರ ಸ್ವರ್ಗದ ಪಾಠವೆಂದು ತಿಳಿಯಿತು. ಅಲ್ಲಿರುವವರಿಗೆ ಕೆಳಗೆ ಸುಡುತ್ತಿರುವ ಮಕ್ಕಳ ಕೂಗು ಕೇಳಿಸುತ್ತದೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರಲಿ. ಕೇಳಿಸುವುದಿಲ್ಲವೆಂದಾದರೆ, ತಮಗೆ ಅಲ್ಲಿ ಹೊಂದಿಕೊಳ್ಳುವುದು ಕಷ್ಟವಾಗಲಿಕ್ಕಿಲ್ಲ.