ಮಾವನ ಗಂಟಲಿನ ಸಿಗ್ನಲ್

ನಮ್ಮ ಸೋದರಮಾವನ ತುಟಿ ಮುಟ್ಟಿದ ಲೋಟ ಇಡೀ ಮದರಾಸಿನಲ್ಲೇ ಇಲ್ಲ! ರೈಲ್ವೆ ಗಾರ್ಡ್ ಆಗಿದ್ದಾಗ ಓಡುವ ಗಾಡಿಯಲ್ಲಿ ನಿಂತು, ಗೇಣುದ್ದ ಮೇಲಿಂದ ಕಾಫಿಯನ್ನು ಬಾಯಿಗೆ ಸುರಿದುಕೊಳ್ಳುತ್ತಿದ್ದ ಆಸಾಮಿ. ಕಚ್ಚಿ ಕುಡಿದರೆ ಎಂಜಲು! ಚಿಕ್ಕವನಿದ್ದಾಗ ನಾನೊಮ್ಮೆ ಅವರ ಲೋಟ ಕಚ್ಚಿದೆ. ಅದಕ್ಕೆ ಹುಣಸೆಹಣ್ಣಿನಲ್ಲಿ ಮೂರು ಸಲ ಸ್ನಾನವಾಯಿತು, ನನ್ನ ಬೆನ್ನಿಗೂ ಒಂದು ಬಿತ್ತು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಮಾವನಿಗೆ ಲಕ್ವ ಹೊಡೆಯಿತು. ಕೈಕಾಲು ಸರಿಹೋಯಿತು, ನುಂಗುವುದು ಕೆಟ್ಟಿತು. ತಾಂಬರಂನ ಮನೆಯಲ್ಲಿ ಕಾಫಿ ಸುರಿದುಕೊಂಡರೆ ಕೆಮ್ಮು ಎರಡು ಸ್ಟೇಷನ್ ಆಚೆಯ ಕ್ರೋಂಪೇಟೆಗೆ ಕೇಳಿಸುತ್ತಿತ್ತು!

ಡಾಕ್ಟರಮ್ಮ ತಮಿಳಿನಲ್ಲಿ ಖಡಕ್ಕಾಗಿ ಹೇಳಿದರು: ಕುಡಿದದ್ದು ಶ್ವಾಸಕೋಶಕ್ಕೆ ಹೋಗುತ್ತಿದೆ, ಹೀಗೇ ಆದರೆ ಆಳು ಉಳಿಯುವುದಿಲ್ಲ. ಎಲ್ಲವನ್ನೂ ಗಟ್ಟಿಯಾಗಿ ಕೊಡಿ. ಗದ್ದ ಎದೆಗೆ ಇಳಿಸಿ, ಲೋಟ ತುಟಿಗಿಟ್ಟು, ಒಂದೊಂದೇ ಗುಟುಕು. ಹದಿನೈದು ದಿನದಲ್ಲಿ ದಾರಿಗೆ ಬರದಿದ್ದರೆ ಮೂಗಿಗೆ ಟ್ಯೂಬು.

"ಬಗ್ಗಿ ಕುಡಿಯೋಕೆ ನಾನೇನು ಎಮ್ಮೆಯೇನೋ?"

"ಎಮ್ಮೆಗೆ ಕೆಮ್ಮಿಲ್ಲ ಮಾವ."

ಅತ್ತೆ ಕಾಫಿಗೆ ರಾಗಿಹಿಟ್ಟು ಕದಡಿ ಕುದಿಸಿ ತಂದರು. ಮಾವ ಚಮಚ ಎತ್ತಿ ನೋಡಿದರು. "ಏನೇ ಇದು? ಯಾವ ಪಾರ್ಟಿ ಪೋಸ್ಟರ್ ಅಂಟಿಸ್ಬೇಕೇ?"

ಹನ್ನೊಂದನೇ ದಿನ ಕದ್ದು ನೀರು ಎತ್ತಿ ಕುಡಿದರು. ಮುಖ ನೀಲಿಯಾಯಿತು. ಅತ್ತೆ ಬೆನ್ನು ತಟ್ಟುತ್ತಾ ಅತ್ತುಬಿಟ್ಟರು. ನನಗೆ ತಲೆ ಕೆಟ್ಟಿತು. ನಯವಾಗಿ ಹೇಳುವುದು ನನಗೆಲ್ಲಿ ಬರುತ್ತೆ?

"ಮಾವ, ಸಿಗ್ನಲ್ ಕಂಬದ ಕೈ ಇಳೀದೆ ಗಾಡಿ ಬಿಡ್ತಿದ್ರಾ?"

"ಬಿಟ್ರೆ ಕೆಲಸ ಹೋಗುತ್ತೆ ಕಣೋ!"

"ಇಳಿದ್ರೆ?"

"ಲೈನ್ ಕ್ಲಿಯರ್."

"ನಿಮ್ಮ ಗದ್ದಾನೇ ಆ ಕೈ. ಅದು ಇಳೀದೆ ನೀವು ಕಾಫಿ ಬಿಡ್ತಿದೀರ. ತಪ್ಪು ಲೈನಿಗೆ ನುಗ್ತಿದೆ!"

ಮಾವ ದುರುಗುಟ್ಟಿದರು. "ಎಂಟನೇ ಕ್ಲಾಸ್ ಫೇಲು, ನನಗೆ ಸಿಗ್ನಲ್ ಹೇಳ್ಕೊಡ್ತೀಯಾ?"

ಆದರೆ ಗದ್ದ ಇಳಿಯಿತು! ಲೋಟ ತುಟಿಗೆ ತಾಗಿತು. ಒಂದು ಗುಟುಕು. ಕೆಮ್ಮಿಲ್ಲ. ಇನ್ನೊಂದಕ್ಕೆ ಹಸಿರು ಬಾವುಟ ಬೇಕೆಂದು ಹಟ! ಪಾಪ, ಅತ್ತೆ ಹೊಸ ಹಸಿರು ರವಿಕೆ ಬಟ್ಟೆ ತಂದು ಬೀಸಿದರು. ನಾಲ್ಕು ದಿನ ಮನೆಯಲ್ಲಿ ಬಾವುಟವೋ ಬಾವುಟ!

ಹದಿನೈದನೇ ದಿನ ಡಾಕ್ಟರಮ್ಮ ಕುಡಿಸಿ ನೋಡಿ, ಟ್ಯೂಬು ಬೇಡ ಅಂದರು.

ಮನೆಗೆ ಬಂದು ಮಾವ ಗದ್ದ ಇಳಿಸಿ ಮುಕ್ಕಾಲು ಲೋಟ ಕುಡಿದರು. ಉಳಿದದ್ದನ್ನು ನನ್ನತ್ತ ಚಾಚಿದರು.

"ನನ್ನೆಂಜಲು ಕಣೋ. ಕುಡೀತೀಯಾ?"

ಲೋಟ ತಗೊಂಡೆ. ಕಚ್ಚಿಯೇ ಕುಡಿದೆ.