ಅರಿಸಿನ ಹಚ್ಚಿದ ಒಪ್ಪಂದ

ನನ್ನ ಸಹಿ ಎರಡು ಸಲ ಒಂದೇ ಥರ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬೆಳಿಗ್ಗೆ ಹಾಕಿದ ಸಹಿಗೂ ಸಂಜೆ ಹಾಕಿದ ಸಹಿಗೂ ದೂರದ ನೆಂಟಸ್ತಿಕೆಯಷ್ಟೇ ಇರುತ್ತದೆ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದಾಗ ಕೌಂಟರಿನ ಮೇಡಂ ನನ್ನ ಎರಡು ಸಹಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, "ಇದು ನೀವು, ಸರಿ. ಇದ್ಯಾರು?" ಎಂದು ಕೇಳಿದ್ದರು. ಅವತ್ತಿನಿಂದ ದಿನಚರಿಯ ಕೊನೆಯ ಪುಟಗಳಲ್ಲಿ ಸಹಿಯ ಅಭ್ಯಾಸ ನಡೆಸಿದ್ದೇನೆ. ವಾರಕ್ಕೆ ಎಷ್ಟು ಹಾಕಿದೆ, ಅದರಲ್ಲಿ ಎಷ್ಟು ನನ್ನದರಂತೆ ಬಂದವು ಎಂದು ಬರೆದಿಡುತ್ತೇನೆ. ಇದುವರೆಗಿನ ಅತ್ಯುತ್ತಮ ವಾರ: ನಲವತ್ತಕ್ಕೆ ಹನ್ನೊಂದು.

ಹೀಗಿರುವಾಗ ನಂಜನಗೂಡಿನ ಹತ್ತಿರದ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಡಿಗ್ರಿ ಮುಗಿದ ಮೇಲೆ ಹಾಕಿದ ಹದಿನೇಳು ಅರ್ಜಿಗಳಿಗೆ ಬಂದ ಮೊದಲ 'ಹೂಂ' ಇದು. ನೇಮಕದ ಒಪ್ಪಂದಕ್ಕೆ ಪೆನ್ನು ಬೇಡ, ಮೊಬೈಲಿನಲ್ಲೇ ಸಹಿ ಮಾಡಿದರೆ ಸಾಕು, ಕಾನೂನಿನಲ್ಲಿ ಅದಕ್ಕೂ ಶಾಯಿಯ ಸಹಿಯಷ್ಟೇ ಬೆಲೆ ಎಂದು ಅವರು ತಿಳಿಸಿದಾಗ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬೆರಳಲ್ಲಿ ಹೇಗೆ ಗೀಚಿದರೂ ಸರಿ, ನನ್ನ ನಂಬರಿಗೆ ಬಂದ ಓಟಿಪಿ ಹಾಕಿಬಿಟ್ಟರೆ ಗೀಚಿದವಳು ನಾನೇ ಎಂದು ಕಾನೂನು ನಂಬುತ್ತದೆ. ಇಷ್ಟು ನಂಬಿಕೆ ನನ್ನ ಮೇಲೆ ಬೇರೆ ಯಾರೂ ಇಟ್ಟಿರಲಿಲ್ಲ. ಗಡುವು ಮಾತ್ರ ಬಿಗಿ: ಶನಿವಾರ ಮಧ್ಯಾಹ್ನ ಒಂದು ಗಂಟೆ. ಅದು ತಪ್ಪಿದರೆ ಕೆಲಸ ಪಟ್ಟಿಯಲ್ಲಿ ನನ್ನ ಹಿಂದಿರುವವರಿಗೆ.

ತಿ. ನರಸೀಪುರದ ನಮ್ಮ ಮನೆಗೆ ಯಾವ ಮುಖ್ಯವಾದ ಕಾಗದ ಬಂದರೂ ಅವ್ವ ಅದರ ನಾಲ್ಕು ಮೂಲೆಗೂ ಅರಿಸಿನ ಹಚ್ಚುತ್ತಾಳೆ. ರೇಷನ್ ಕಾರ್ಡಿಗೆ ಹಚ್ಚಿದ್ದಾಳೆ, ಗ್ಯಾಸಿನ ಪುಸ್ತಕಕ್ಕೆ ಹಚ್ಚಿದ್ದಾಳೆ. ನನ್ನ ಡಿಗ್ರಿಯ ಅಂಕಪಟ್ಟಿಗೂ ಹಚ್ಚಿ, ಜೆರಾಕ್ಸ್ ತೆಗೆಸಿದಾಗಲೆಲ್ಲ ಮೂಲೆಗಳಲ್ಲಿ ನಾಲ್ಕು ಕಪ್ಪು ಮಚ್ಚೆ ಬರುವಂತೆ ಮಾಡಿದ್ದಾಳೆ.

ಶನಿವಾರ ಹನ್ನೊಂದೂವರೆಗೆ ಕೇಳಿದಳು: "ಏನೇ, ಕೆಲ್ಸುದ್ ಕಾಗ್ದ ಬಂತಂತೆ, ಎಲ್ಲಿ?"

"ಕಾಗ್ದ ಇಲ್ಲ ಕಣವ್ವ, ಮೊಬೈಲ್‌ನಲ್ಲೇ ಅದೆ."

"ಎಲ್ಲಾರ ಇರ್ಲಿ, ಸೈನ್ ಆಕಕ್ ಮುಂಚೆ ದ್ಯಾವ್ರ್ ಮುಂದೆ ಮಡಗು."

ಮಡಗಿದೆ. ಒಪ್ಪಂದ ತೆರೆದೇ ಇರಲಿ, ಪರದೆ ಆರಿಹೋಗದಿರಲಿ ಎಂದು ಸೆಟ್ಟಿಂಗ್ ಬೇರೆ ಬದಲಿಸಿದ್ದೆ. ಎಲ್ಲವನ್ನೂ ಕ್ರಮಬದ್ಧವಾಗಿ ಮಾಡುವವರಿಗೆ ಆಗುವ ಅನಾಹುತಗಳೂ ಕ್ರಮಬದ್ಧವಾಗಿಯೇ ಆಗುತ್ತವೆ. ಹಾಲು ಉಕ್ಕುವ ಸದ್ದಾಯಿತೆಂದು ಒಳಗೆ ಹೋಗಿ ಒಲೆ ಆರಿಸಿ ಬರುವಷ್ಟರಲ್ಲಿ ಅವ್ವ ಅರಿಸಿನ ಕಲಸಿದ ಒದ್ದೆ ಬೆರಳಿನಿಂದ ಪರದೆಯ ಮೇಲಿನ ಎರಡು ಮೂಲೆ ಮುಗಿಸಿ, ಕೆಳಗಿನ ಎಡಮೂಲೆಗೆ ಬಂದಿದ್ದಳು. ಅಲ್ಲಿ 'ನಿರಾಕರಿಸಿ' ಎಂಬ ಗುಂಡಿ ಇತ್ತು. ಮೊಬೈಲು ಪಾಪ, ಪರದೆಯ ನಡುಮಧ್ಯೆ 'ಖಂಡಿತವೇ? ಹೌದು' ಎಂದು ತೋರಿಸಿ ಇನ್ನೊಂದು ಅವಕಾಶ ಕೊಟ್ಟಿತು. ನಾಲ್ಕನೇ ಮೂಲೆಯನ್ನೂ ಮುಗಿಸಿದ ಅವ್ವ ಆ 'ಹೌದು' ಎಂಬುದರ ಮೇಲೆ ಕುಂಕುಮ ಇಟ್ಟಳು.

"ನೀವು ಈ ಒಪ್ಪಂದವನ್ನು ನಿರಾಕರಿಸಿದ್ದೀರಿ. ಸಮಯ 11:43:18."

"ಏನವ್ವಾ ಮಾಡ್ದೆ!"

"ನಾನೇನ್ ಮಾಡ್ದೆ? ಅದೇ ಏನೋ ಕೇಳ್ತು, ನಾನು ಕುಂಕ್ಮ ಇಟ್ಟೆ."

ಕಾರ್ಖಾನೆಯ ನೇಮಕಾತಿ ವಿಭಾಗದ ಸಾಹೇಬರಿಗೆ ಫೋನ್ ಮಾಡಿದೆ. ಎಂಟನೇ ಸಲಕ್ಕೆ, 12:21ಕ್ಕೆ ಸಿಕ್ಕರು.

"ನೋಡ್ದೆ ಕಣಮ್ಮಾ, ಬೇಡ ಅಂದಿದೀರ. ಮುಂದಿನವ್ರಿಗೆ ಕಳ್ಸಕ್ಕೆ ಕೂತಿದೀನಿ."

"ಸರ್, ಕಳಿಸಬೇಡಿ ಸರ್! ನಾನು ಬೇಡ ಅಂದಿಲ್ಲ. ನಮ್ಮವ್ವ ಪೂಜೆ ಮಾಡಿದ್ರು."

ಅಷ್ಟರಲ್ಲಿ ಅವ್ವ ಫೋನು ಕಿತ್ತುಕೊಂಡಳು. "ಸಾ, ನಾನು ಇವ್ಳವ್ವ. ತಪ್ಪು ನಂದೇಯ, ಕುಂಕ್ಮ ಇಡಕ್ ಹೋಗಿ ಒತ್ಬುಟ್ಟೆ. ಮಗಿಗೆ ಕೆಲ್ಸ ಕೊಟ್ಬುಡಿ ಸಾ."

"ಅಲ್ಲಮ್ಮಾ, ಕುಂಕುಮ ಸರಿಯಾಗಿ ಮಧ್ಯಕ್ಕೇ ಇಟ್ರಾ?"

"ಮತ್ ಇನ್ನೆಲ್ಲಿಗ್ ಇಟ್ಟಾರು ಸಾ?"

ಸಾಹೇಬರು ತುಂಬ ಹೊತ್ತು ಕೆಮ್ಮಿದರು; ನಕ್ಕಿದ್ದೂ ಇರಬಹುದು. "ಈ ಆ್ಯಪ್ ತಯಾರು ಮಾಡಿದೋರು ಎಲ್ಲಾ ಯೋಚ್ನೆ ಮಾಡವ್ರೆ ಕಣಮ್ಮಾ, ಇದೊಂದ್ ಬಿಟ್ಟು," ಎಂದರು. ಆದರೆ ನಿರಾಕರಿಸಿದ್ದಕ್ಕೆ ಲಿಖಿತ ಕಾರಣ ಕೊಡದೆ ಒಪ್ಪಂದವನ್ನು ಮತ್ತೆ ಕಳಿಸಲು ಬರುವುದಿಲ್ಲವಂತೆ. ನಾನು ಯೋಚಿಸಿ, ಅಳಿಸಿ, ಮತ್ತೆ ಬರೆದು, ಕೊನೆಗೆ ಎರಡೇ ಪದ ಕಳಿಸಿದೆ: "ಅತಿಯಾದ ಭಕ್ತಿ."

12:47ಕ್ಕೆ ಒಪ್ಪಂದ ಮತ್ತೆ ಬಂತು. ಅವ್ವನನ್ನು ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಆಚೆ ನಿಲ್ಲುವಂತೆ ಬೇಡಿಕೊಂಡೆ. ಪರದೆ ಒರೆಸಿದೆ, ಹದಿನಾಲ್ಕು ಪುಟಗಳನ್ನು ಹೆಬ್ಬೆರಳಿನಿಂದ ಸರ್ರನೆ ಮೇಲಕ್ಕೆ ತಳ್ಳಿ, 'ಎಲ್ಲವನ್ನೂ ಓದಿ ಒಪ್ಪಿದ್ದೇನೆ' ಎಂಬಲ್ಲಿ ಗುರುತು ಹಾಕಿದೆ. ಸಹಿ ಕೊತ್ತಂಬರಿ ಕಟ್ಟಿನ ಹಾಗೆ ಬಂತು. ಓಟಿಪಿ ಹಾಕಿದೆ. ಕಾನೂನು ನಂಬಿತು. 12:56:40.

ಅವ್ವ ಒಳಗೆ ಬಂದು ಪಕ್ಕದಲ್ಲಿ ಕೂತಳು. "ಏನ್ ಬರ್ದವ್ರೆ ಅದ್ರಲ್ಲಿ? ವಸಿ ಓದೇಳು."

ಆಗ ಓದಿದೆ. ಎರಡನೇ ಪುಟದಲ್ಲಿ, ಕೆಲಸ ಬೆಳಿಗ್ಗೆ ಆರಕ್ಕೆ ಶುರು ಎಂದಿತ್ತು. ಕಾರ್ಖಾನೆಯ ಬಸ್ಸು ಸಿಗುವುದು ನಂಜನಗೂಡಿನಲ್ಲಿ ಮಾತ್ರ. ಅಲ್ಲಿಯವರೆಗೆ ಬರುವುದು ನೌಕರರ ಸ್ವಂತ ಜವಾಬ್ದಾರಿ.

"ಆರ್ ಗಂಟ್ಗಾ!" ಅವ್ವ ಹೌಹಾರಿದಳು. "ಒಪ್ಕಬ್ಯಾಡ ಕಣೆ. ಒಂಬತ್ಕೆ ಬತ್ತೀನಿ ಅನ್ನು."

"ಒಪ್ಕೊಂಡಾಯ್ತಲ್ಲವ್ವ."

"ಯಾವಾಗ ಕಣೆ?"

"12:56:40ಕ್ಕೆ."

ಸಹಿ ಮಾಡಿದ ಸೆಕೆಂಡನ್ನು ಗುರುತಿಟ್ಟುಕೊಂಡವಳು ಕೆಲಸ ಶುರುವಾಗುವ ಗಂಟೆಯನ್ನು ಏಕೆ ನೋಡಿರಲಿಲ್ಲ ಎಂಬುದು ಅವ್ವನಿಗೆ ಇವತ್ತಿಗೂ ಅರ್ಥವಾಗಿಲ್ಲ. ನನಗೂ ಆಗಿಲ್ಲ. ಈಗ ದಿನಾ ನಾಲ್ಕೂವರೆಯ ಬಸ್ಸಿಗೆ ನಂಜನಗೂಡಿಗೆ ಹೊರಡುತ್ತೇನೆ. ಸೀಟು ಸಿಕ್ಕ ಕೂಡಲೇ ಮೊಬೈಲು ತೆರೆದು, ಭಾನುವಾರ ಬಿಟ್ಟು ದಿನಕ್ಕೊಂದು ಪುಟದಂತೆ ಒಪ್ಪಂದವನ್ನು ಮೊದಲಿನಿಂದ ಓದುತ್ತಿದ್ದೇನೆ. ನಾಲ್ಕನೇ ಪುಟದಲ್ಲಿ ಆರು ತಿಂಗಳು ರಜೆ ಕೇಳುವುದಿಲ್ಲ ಎಂದು ಒಪ್ಪಿದ್ದೇನೆ. ಏಳನೆಯದರಲ್ಲಿ, ಕಂಪನಿ ಯಾವ ಊರಿಗೆ ಕಳಿಸಿದರೂ ಸಂತೋಷದಿಂದ ಹೋಗುವುದಾಗಿ ಹೇಳಿದ್ದೇನೆ. ಇವತ್ತು ಬುಧವಾರ, ಒಂಬತ್ತನೇ ಪುಟ. ಇನ್ನೂ ಐದು ಪುಟದಷ್ಟು ವಿಷಯಗಳಿಗೆ ನಾನು ಮನಃಪೂರ್ವಕವಾಗಿ ಬದ್ಧಳಾಗಿದ್ದೇನೆ; ಅವು ಏನೇನು ಎಂಬುದು ಮುಂದಿನ ಮಂಗಳವಾರದ ಹೊತ್ತಿಗೆ ತಿಳಿಯಬೇಕು.