ಮಾರಿದ್ದರೆ ಎಂದೆನೇ ಹೊರತು ಮಾರುತ್ತೇವೆ ಎನ್ನಲಿಲ್ಲ

ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯನ್ನು ಕಟ್ಟಿಸಿದವರು ನನ್ನ ಮಾವನವರ ತಂದೆ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ಆ ನಂಬಿಕೆಯ ಮೇಲೆಯೇ ರೈತರು ನಮ್ಮಲ್ಲಿ ಭತ್ತ ಇಳಿಸಿ ಹೋಗುತ್ತಾರೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳ ಎದುರು ಬೆನ್ನು ನೆಟ್ಟಗಿಟ್ಟುಕೊಂಡು ಕೂರಲು ಕಲಿತವಳು. ಇಂಥ ನಾನು ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಕೆಲವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ, ಅದೂ ಧರ್ಮಕ್ಕೆ. ನಡೆಯದ ಸಂಗತಿಯನ್ನು 'ನಡೆದಿದ್ದರೆ' ಎಂದು ಊಹಿಸಿ ಹೇಳುವ ವಾಕ್ಯಗಳ ಪಾಠ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇದೆ.

ಬಿಡ್ತು ಅನ್ರಿ

ಮೊದಲ ದಿನ ಸುಲಭವಾಗಲೆಂದು ಒಂದು ಉದಾಹರಣೆ ಕೊಟ್ಟೆ: "ನಾನು ಸತ್ತುಹೋಗಿದ್ದರೆ ಈ ಪಾಠ ಇರುತ್ತಿರಲಿಲ್ಲ." ಇಂಗ್ಲಿಷಿನಲ್ಲಿ ಇದರಿಂದ ಯಾರಿಗೂ ಏನೂ ಆಗುವುದಿಲ್ಲ.

"ಬಿಡ್ತು ಅನ್ರೀ ಮೇಡಂ!" ಪಾಪಿನಾಯಕನಹಳ್ಳಿಯಿಂದ ಬರುವ ಅಂಗನವಾಡಿ ಟೀಚರ್ ಎದ್ದೇ ನಿಂತರು.

"ಇದು ವ್ಯಾಕರಣ. ಕುಳಿತುಕೊಳ್ಳಿ."

"ವ್ಯಾಕರಣ ಇರ್ಲಿರಿ, ಮೊದ್ಲು ಬಿಡ್ತು ಅನ್ರಿ. ಮುತ್ತೈದಿ ಬಾಯಾಗ ಎಂಥಾ ಮಾತ್ರಿ ಅದು!"

ನಾನು ಅನ್ನುವವರೆಗೆ ಯಾರೂ ಪೆನ್ನು ಮುಟ್ಟಲಿಲ್ಲ. ಅಂದೆ. ಅಷ್ಟಕ್ಕೆ ಬಿಡದೆ ಆಕೆ ಅಡುಗೆಮನೆಗೆ ನುಗ್ಗಿ, ಉಪ್ಪು ಮತ್ತು ಒಣಮೆಣಸಿನಕಾಯಿ ತಂದು ನನಗೆ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಇಡೀ ತರಗತಿ ಕೆಮ್ಮುತ್ತಾ ಬೀದಿಗೆ ಓಡಿತು. ಸತ್ತಿದ್ದರೆ ಪಾಠ ಇರುತ್ತಿರಲಿಲ್ಲ ಎಂದಿದ್ದೆ; ಬದುಕಿದ್ದರೂ ಅಂದು ಪಾಠ ಇರಲಿಲ್ಲ.

ರಾಯರ ಊಟ

ಹಂಪಿಯ ಗೈಡ್ ಒಬ್ಬರು ನನ್ನ ವಿದ್ಯಾರ್ಥಿ. ಕಲಿತದ್ದನ್ನು ಮಾರನೆಯ ದಿನವೇ ವಿದೇಶಿ ದಂಪತಿಗಳ ಮೇಲೆ ಪ್ರಯೋಗಿಸಿದರು: "ಈಗ ಹಂಪಿಯನ್ನಾಳಿದ ರಾಯರು ಇದ್ದಿದ್ದರೆ ನಿಮ್ಮನ್ನು ಊಟಕ್ಕೆ ಕರೆಯುತ್ತಿದ್ದರು." ವಾಕ್ಯ ಶುದ್ಧವಾಗಿದೆ. ಆದರೆ ಮಧ್ಯಾಹ್ನ ಅವರ ಆಟೋ ಬಂದು ನಿಂತದ್ದು ನಮ್ಮ ಮನೆಯ ಮುಂದೆ.

"ಯಾರಿವರು?"

"ಊಟದ ಮಂದಿರಿ ಮೇಡಂ. ಊಟ ಅಂತ ಬಾಯಿ ಬಿಟ್ಟ ಮ್ಯಾಲ ಹಸದ ಹೊಟ್ಟೀಲೆ ಕಳಸಾಕ ಬರತೈತೇನ್ರಿ? ರಾಯರಂತೂ ಇಲ್ಲ. ನಿಮ್ಮ ಮನಿತನ ಐತೆಲ್ಲರಿ!"

ಮನೆತನದ ಮಾತೆತ್ತಿದ ಮೇಲೆ ಬಾಗಿಲು ಹಾಕಲಾಗುತ್ತದೆಯೇ? ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದೆ. ಗೈಡ್ ಎಲ್ಲರಿಗಿಂತ ಹೆಚ್ಚು ತಿಂದರು. ಹೊರಡುವಾಗ ಆ ವಿದೇಶಿ ಹೆಂಗಸು ಬಾಗಿ ನಮಸ್ಕರಿಸಿ, ನಾನು ರಾಯರ ವಂಶದವಳೇ ಎಂದು ಕೇಳಿದಳು. ತಪ್ಪು ತಿದ್ದುವುದೇ ನನ್ನ ಕೆಲಸ. ಅದೊಂದನ್ನು ತಿದ್ದಲು ಸಮಯವಾಗಲಿಲ್ಲ.

ಗಿರಣಿಯ ಗೋಡೆ

ಇದನ್ನು ಮಾತ್ರ ನಕ್ಕು ಬಿಡುವಂತಿಲ್ಲ.

ನಮ್ಮ ಕಡೆ ದೊಡ್ಡ ಮನೆಯವರು ಆಸ್ತಿ ಮಾರುವಾಗ 'ಮಾರುತ್ತೇವೆ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. 'ಒಂದ್ ಯಾಳೆ ಕೊಡೋದಾದ್ರ' ಎಂದು ಗಾಳಿಗೆ ಬಿಡುತ್ತಾರೆ, ದಲಾಲರು ಹಿಡಿದುಕೊಳ್ಳುತ್ತಾರೆ. ಇದು ಗೊತ್ತಿದ್ದೂ ನಾನು ತರಗತಿಯಲ್ಲಿ, "ನಾವು ಗಿರಣಿ ಮಾರಿದ್ದರೆ ನಾನು ಸಂಡೂರಿನ ಗುಡ್ಡದಲ್ಲಿ ಮನೆ ಕಟ್ಟಿಸುತ್ತಿದ್ದೆ" ಎಂದು ಬರೆಸಿದೆ. ಕಾನ್ವೆಂಟಿನ ಪಾಠಕ್ಕೂ ದಲಾಲಿಗೂ ಏನು ಸಂಬಂಧ? ಬರೆದುಕೊಂಡವರಲ್ಲಿ ಭತ್ತದ ದಲಾಲರೊಬ್ಬರ ಹೆಂಡತಿಯೂ ಇದ್ದರು.

ಎರಡು ದಿನ ಬಿಟ್ಟು ಯಜಮಾನರೊಂದಿಗೆ ಗಿರಣಿಗೆ ಹೋದರೆ, ಯಾರೋ ಟೇಪು ಹಿಡಿದು ನಮ್ಮ ಗೋಡೆ ಅಳೆಯುತ್ತಿದ್ದಾರೆ. ಪಕ್ಕದಲ್ಲಿ ಆ ದಲಾಲರು.

"ಬರ್ರಿ ಅಮ್ಮಾರ. ಸಂಡೂರಿನ ಪಾರ್ಟಿರಿ ಇವ್ರು. ಭಾಳ ಲಾರಿ ಅದಾವ."

"ಗಿರಣಿ ಮಾರುತ್ತೇವೆಂದು ಯಾರು ಹೇಳಿದರು?"

"ನೀವೇ ಅಂದ್ರೆಲ್ಲರಿ, ನಮ್ಮ ಮನ್ಯಾಕಿ ಮುಂದ. ಅದೂ ಇಂಗ್ಲಿಷಿನ್ಯಾಗ!"

"ಅದು ಉದಾಹರಣೆ! ಆಗದ ಮಾತು!"

"ದೊಡ್ಡೋರು ಹಂಗ ಅನ್ನೋದ್ರಿ." ದಲಾಲರು ಸಂಡೂರಿನವರತ್ತ ಕಣ್ಣು ಹೊಡೆದರು. "ಅಮ್ಮಾರು ಬಿಗಿ ಹಿಡದಾರ. ಜರಾ ಏರಿಸಿ ಮಾತಾಡ್ರಿ."

ಅಷ್ಟರಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರೊಂದು ಗೇಟಿಗೆ ಬಂದು, ಟೇಪು ನೋಡಿ ನಿಂತಿತು. "ಮಾರೋ ಗಿರಣಿಗೆ ಮಾಲು ಹಾಕೋದು ಬ್ಯಾಡಲೇ, ತಿರುಗಿಸು" ಎಂದಿತು ಒಂದು ದನಿ. ತಿರುಗಿಯೂ ಬಿಟ್ಟಿತು. ಮೂರು ತಲೆಮಾರಿನ ಹೆಸರು ನನ್ನ ಕಣ್ಣೆದುರೇ ಬೇರೆ ಗಿರಣಿಯತ್ತ ಹೊರಟಿತು.

"ಆ ವಾಕ್ಯ ನಿಜವಲ್ಲ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ದಲಾಲರು ಹೆಗಲ ಮೇಲಿನ ಟವೆಲು ತೆಗೆದು ಎದೆಗೆ ಹಿಡಿದುಕೊಂಡರು. "ನಿಜ ಅಲ್ಲಂದ್ರ? ನಿಮ್ಮ ಮನಿಯವ್ರು ಸುಳ್ಳು ಹೇಳ್ತಾರೇನ್ರಿ?"

"ಇಲ್ಲ, ಇಲ್ಲ. ಎಂದೂ ಇಲ್ಲ!" ನನ್ನ ಪಕ್ಕದಲ್ಲಿದ್ದ ಯಜಮಾನರು ಅವಸರದಲ್ಲಿ ಎಂದರು.

ಸಂಡೂರಿನವರು ಮತ್ತೆ ಟೇಪು ಬಿಚ್ಚಿದರು.

ಅಂದು ಸಂಜೆ ದಲಾಲರ ಹೆಂಡತಿ ಏನೂ ಆಗದವರಂತೆ ಪಾಠಕ್ಕೆ ಬಂದರು. ಅವರನ್ನು ಎದ್ದು ನಿಲ್ಲಿಸಿ, ಎಲ್ಲರೆದುರು ಕ್ಷಮೆ ಕೇಳಿ ಎಂದೆ. ಆಕೆ ಸೆರಗು ಸರಿಪಡಿಸಿಕೊಂಡು, ಕೈಮುಗಿದು, ಇಂಗ್ಲಿಷಿನಲ್ಲಿ ಹೇಳಿದರು: "ತಪ್ಪು ನಮ್ಮದಾಗಿದ್ದರೆ ನಾವು ಕ್ಷಮೆ ಕೇಳುತ್ತಿದ್ದೆವು."

ತರಗತಿ ಚಪ್ಪಾಳೆ ತಟ್ಟಿತು. ಇಷ್ಟು ದಿನದಲ್ಲಿ ಒಬ್ಬರ ಬಾಯಲ್ಲೂ ಅಷ್ಟು ನಿರ್ದೋಷವಾದ ವಾಕ್ಯ ಬಂದಿರಲಿಲ್ಲ. "ವೆರಿ ಗುಡ್" ಎಂದು ನನ್ನ ಬಾಯಿಂದಲೂ ಹೊರಬಿದ್ದುಹೋಯಿತು.

ಆ ಮೆಚ್ಚುಗೆಯನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಗಿರಣಿ ಮಾರಾಟಕ್ಕಿಲ್ಲ. ದಲಾಲ ದಂಪತಿಗಳು ನಮ್ಮ ಗೇಟಿನಲ್ಲಿ ನಿಂತು, ರೈತರೆಲ್ಲರೆದುರು, ಕನ್ನಡದಲ್ಲಿ ಕ್ಷಮೆ ಕೇಳಬೇಕು.